ಹಿಂದಿನ ಸೀಟು, ಎಡಗಡೆ

ಗಿರಿನಗರ
7 ಜೂನ್ 2024, ಶುಕ್ರವಾರ

ಪ್ರಮೋದನಿಗೆ,

ನಿನ್ನ ನಂಬರನ್ನು ನಾನು ಬ್ಲಾಕ್ ಮಾಡಿರುವುದು ನಿನ್ನ ಜೊತೆ ಮಾತು ಬೇಡ ಎಂದು. ಆದರೆ ಅಪ್ಪನ ಕಾರಿಗೆ ಬಾಯಿಲ್ಲ, ಅದರ ಕಷ್ಟವನ್ನು ಯಾರಾದರೂ ಹೇಳಬೇಕು. ಅದಕ್ಕೆ ಈ ಕಾಗದ ಬರೆದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಇನ್ಶೂರೆನ್ಸ್ ಕವರಿನ ಮೇಲೆ ಇಟ್ಟಿದ್ದೇನೆ. ಉತ್ತರ ಬರೆಯುವುದಿದ್ದರೆ ಅಲ್ಲೇ ಇಡು. ಅಂಜನಾಳ ಫೋನಿನಿಂದ ಮೆಸೇಜ್ ಕಳಿಸಬೇಡ. ಹೆಂಡತಿಯನ್ನು ಪೋಸ್ಟ್‌ಮ್ಯಾನ್ ಮಾಡುವುದು ಚೆನ್ನಾಗಿ ಕಾಣುವುದಿಲ್ಲ.

ಹಂಸಾ ಚಿಕ್ಕಮ್ಮ ಇಬ್ಬರನ್ನೂ ಕೂರಿಸಿ ಮಾಡಿಸಿದ ಒಪ್ಪಂದಕ್ಕೆ ಈ ತಿಂಗಳಿಗೆ ಆರು ತಿಂಗಳಾಯಿತು. ಸೋಮವಾರದಿಂದ ಶುಕ್ರವಾರ ಕಾರು ನನ್ನದು, ಶನಿವಾರ ಭಾನುವಾರ ನಿನ್ನದು. ಶುಕ್ರವಾರ ಸಂಜೆ ನಾನು ಹನುಮಂತನಗರದ ಮುನಿಯಣ್ಣನ ಗ್ಯಾರೇಜಿನಲ್ಲಿ ಬಿಡುತ್ತೇನೆ, ಶನಿವಾರ ಬೆಳಿಗ್ಗೆ ನೀನು ತೆಗೆದುಕೊಂಡು ಹೋಗುತ್ತೀಯ, ಭಾನುವಾರ ಸಂಜೆ ಮತ್ತೆ ಅಲ್ಲೇ ತಂದು ಬಿಡುತ್ತೀಯ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವ ಕರ್ಮವಿಲ್ಲ. ಇಷ್ಟು ದಿನ ಸಲೀಸಾಗಿಯೇ ನಡೆದಿದೆ.

ವಿಷಯ ಇದು. ಯುಗಾದಿಗೆ ನೀನು ಇಂಜಿನ್ ಬಿಚ್ಚಿಸಿ ಅದೇನೋ ಮಾಡಿಸಿದ ಮೇಲೆ ಕಾರಿಗೆ ಶಕ್ತಿ ಜಾಸ್ತಿಯಾಗಿದೆ. ನಮ್ಮ ರಸ್ತೆಯ ಏರಿನಲ್ಲಿ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಹಿಂದಿನ ಚಕ್ರಗಳು ದಡದಡ ಎಂದು ಕುಣಿಯುತ್ತವೆ. ಅಮ್ಮ ಬೆಚ್ಚಿಬಿದ್ದು ಮುಂದಿನ ಸೀಟನ್ನು ಹಿಡಿದುಕೊಳ್ಳುತ್ತಾಳೆ. ದೀಪಾವಳಿಯಲ್ಲಿ ಬಿದ್ದಾಗಿನಿಂದ ಅವಳ ಮೂಳೆ ಸೀಮೆಸುಣ್ಣದ ಹಾಗಾಗಿದೆ, ಬೆನ್ನಿಗೆ ಏಟು, ಕುಲುಕಾಟ ಆಗಕೂಡದು ಎಂದು ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ದಿನಾ ಬೆಳಿಗ್ಗೆ ಜಯನಗರದ ಚಿಕ್ಕಮ್ಮನ ಮನೆಗೆ ಬಿಟ್ಟು ನಾನು ಲ್ಯಾಬಿಗೆ ಹೋಗುತ್ತೇನೆ, ಸಂಜೆ ಕರೆದುಕೊಂಡು ಬರುತ್ತೇನೆ. ಮುಂದೆ ಕೂತರೆ ಅಷ್ಟು ಕುಲುಕುವುದಿಲ್ಲ. ಕೂರುವುದಿಲ್ಲ. ಹಿಂದಿನ ಸೀಟು, ಎಡಗಡೆ, ಅಪ್ಪ ಓಡಿಸುವಾಗ ಕೂರುತ್ತಿದ್ದ ಜಾಗವೇ ಆಗಬೇಕು.

ಇಂಜಿನ್ ಕುಣಿಸಿದವನು ನೀನು. ಇದನ್ನೂ ನೀನೇ ನೋಡು.

ಲತಾಮಣಿ


ಜೆ.ಪಿ. ನಗರ
16 ಜೂನ್, ಭಾನುವಾರ

ಅಕ್ಕಾ,

ನಿನ್ನ ಅಕ್ಷರ ನೋಡಿ ಸಂತೋಷವಾಯಿತು. ಇನ್ನೂ ಹಾಗೇ ಇದೆ, ಪ್ರತಿ ಅಕ್ಷರವೂ ಕಣ್ಣು ಕೆಂಪಗೆ ಮಾಡಿಕೊಂಡು ನಿಂತ ಹಾಗೆ.

ಕಾರಿನ ಕಷ್ಟ ತೀರಿತು. ಟ್ರ್ಯಾಕ್ಷನ್ ಬಾರ್ ಹಾಕಿಸಿದ್ದೇನೆ. ಏನು ಅಂತ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಾರಿಗೆ ಹಿಂದುಗಡೆ ಲಾರಿಗಿರುವ ಹಾಗೆ ಕಬ್ಬಿಣದ ಪ್ಲೇಟುಗಳ ಕಟ್ಟು. ಇಂಜಿನ್ ಜೋರಾಗಿ ಎಳೆದಾಗ ಆ ಪ್ಲೇಟು ತಿರುಚಿಕೊಳ್ಳುತ್ತದೆ, ಬಿಟ್ಟುಕೊಳ್ಳುತ್ತದೆ, ಮತ್ತೆ ತಿರುಚಿಕೊಳ್ಳುತ್ತದೆ. ನೀನು ಹೇಳಿದ ಕುಣಿತ ಅದೇ. ಈಗ ಪ್ಲೇಟಿನ ಕೆಳಗೆ ಆ ಕಡೆ ಒಂದು ಈ ಕಡೆ ಒಂದು ದಪ್ಪ ಸರಳು ಬಿಗಿದಿದೆ. ಅದರ ಮುಂದಿನ ತುದಿಯಲ್ಲಿ ಒಂದು ರಬ್ಬರ್ ಗುಂಡು. ಪ್ಲೇಟು ತಿರುಚಲು ಹೋದರೆ ಗುಂಡು ಅದಕ್ಕೆ ತಗುಲಿ ತಡೆಯುತ್ತದೆ. ಉಳಿದ ಹೊತ್ತು ಮಧ್ಯೆ ಸಂದು ಇರುತ್ತದೆ, ಅದರ ಪಾಡಿಗೆ ಅದು.

ಮುನಿಯಣ್ಣನಿಗೆ ಹೇಳಿದರೆ "ದಿನಾ ಓಡೋ ಗಾಡಿಗೆ ಇದೆಲ್ಲ ಯಾಕಪ್ಪ, ಪ್ಲೇಟಿಗೆ ಹೊಸ ರಬ್ಬರ್ ಬುಷ್ ಹಾಕ್ತೀನಿ ಸುಮ್ನಿರು" ಅಂದ. ಅವನ ಕಾಲ ಮುಗಿಯಿತು. ಅರೆಕೆರೆಯಲ್ಲಿ ಹೊಳೆಪ್ಪ ಅಂತ ಒಬ್ಬನಿದ್ದಾನೆ, ರೇಸಿಗೆ ಹೋಗುವವರೆಲ್ಲ ಅವನ ಹತ್ತಿರವೇ ಹೋಗುವುದು. ಜ್ಯಾಕ್ ಹಾಕಿ ಕಾರನ್ನು ಎತ್ತಿ, ಎರಡು ಬೆರಳು ಇಟ್ಟು ಅಳತೆ ನೋಡಿ, ನನ್ನ ಕಣ್ಣೆದುರೇ ಸಂದು ಬಿಟ್ಟು ಬಿಗಿದ. ಆಮೇಲೆ ಕನಕಪುರ ರೋಡಿನಲ್ಲಿ ನೋಡಿದೆ. ಸಖತ್. ಸಿಗ್ನಲ್ ಬಿಟ್ಟ ತಕ್ಷಣ ಬೆನ್ನು ಸೀಟಿಗೆ ಅಂಟಿಕೊಂಡು ಹೋಗುತ್ತದೆ.

ಥ್ಯಾಂಕ್ಸ್ ಬೇಡ. ನಿನ್ನ ಬಾಯಿಂದ ಬಂದರೆ ನನಗೇ ಗಾಬರಿಯಾಗುತ್ತದೆ.

ಪ್ರಮೋದ್


21 ಜೂನ್, ಶುಕ್ರವಾರ

ಪ್ರಮೋದನಿಗೆ,

ನಮ್ಮ ಮನೆಯಿಂದ ಚಿಕ್ಕಮ್ಮನ ಮನೆಗೆ ಹತ್ತೊಂಬತ್ತು ರೋಡ್ ಹಂಪುಗಳಿವೆ. ಇಷ್ಟು ವರ್ಷ ಎಣಿಸಿರಲಿಲ್ಲ, ಈ ವಾರ ಎಣಿಸಿದೆ. ಹೋಗುವಾಗ ಹತ್ತೊಂಬತ್ತು, ಬರುವಾಗ ಹತ್ತೊಂಬತ್ತು.

ಏರಿನಲ್ಲಿ ಕುಣಿತ ನಿಂತಿದೆ, ಒಪ್ಪಿದೆ. ಆದರೆ ಈಗ ಹಂಪು ಹತ್ತಿ ಇಳಿದರೆ ಕಾರಿನ ಹಿಂಭಾಗ ಕಲ್ಲು ಎತ್ತಿಹಾಕಿದ ಹಾಗೆ ಬೀಳುತ್ತದೆ. ಪ್ಲೇಟು ಬಗ್ಗುವುದೇ ಇಲ್ಲ. ನಾನು ಹತ್ತು ಕಿಲೋಮೀಟರ್ ವೇಗದಲ್ಲಿ ಹೋದರೂ ಅಮ್ಮ "ಅಯ್ಯೋ ಲತಾ, ನಿಧಾನ ಕಣೇ" ಅನ್ನುತ್ತಾಳೆ. ಹಿಂದೆ ಹಾರನ್ ಹೊಡೆಯುವವರು ಬೈಯುತ್ತಾರೆ, ಹಿಂದೆ ಕೂತವಳು ನರಳುತ್ತಾಳೆ. ಬುಧವಾರ ಚಿಕ್ಕಮ್ಮನ ಮನೆ ಮುಂದೆ ಇಳಿದವಳು ಎರಡು ನಿಮಿಷ ಬಾಗಿಲು ಹಿಡಿದು ನಿಂತಿದ್ದಳು. ಸಂಜೆ ಬಿಸಿನೀರಿನ ಚೀಲ, ಬೆಳಿಗ್ಗೆ ಮುಲಾಮು.

ಬಿಚ್ಚಿಸು. ನಿನಗೆ ಬೆನ್ನು ಸೀಟಿಗೆ ಅಂಟಬೇಕಿದ್ದರೆ ಬೇರೆ ಕಾರು ಕೊಂಡುಕೋ. ಇದು ಅಮ್ಮನನ್ನು ಕೂರಿಸಿಕೊಂಡು ದಿನಾ ಓಡುವ ಕಾರು.

ಲತಾಮಣಿ


30 ಜೂನ್, ಭಾನುವಾರ

ಅಕ್ಕಾ,

ಇವತ್ತು ಅಮ್ಮನನ್ನು ಗುಡ್ಡದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಹಿಂದಿನ ಸೀಟು, ಎಡಗಡೆ. ಹಂಪು ಸಿಕ್ಕಿದಲ್ಲೆಲ್ಲ ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಮೂರು ಸಲ ಬಾಯಿಬಿಟ್ಟು ಕೇಳಿದೆ, ಬೆನ್ನು ನೋಯುತ್ತಾ ಅಮ್ಮ ಅಂತ. "ಇಲ್ಲ ಕಣೋ, ಹೂವಿನ ಹಾಗೆ ಹೋಗ್ತಿದೆ. ನಿಮ್ಮಪ್ಪ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ" ಅಂದಳು. ಅಂಜನಾ ಪಕ್ಕದಲ್ಲೇ ಇದ್ದಳು, ಬೇಕಿದ್ದರೆ ಕೇಳು. ವಾಪಸು ಬರುವಾಗ ದೋಸೆ ಬೇಕು ಅಂದಳು, ತಿಂದಳು, ಇನ್ನೊಂದು ಕೇಳಿದಳು.

ಒಂದೇ ಕಾರು, ಒಂದೇ ಸೀಟು, ಒಬ್ಬಳೇ ಅಮ್ಮ. ನನ್ನ ಜೊತೆ ಹೂವು, ನಿನ್ನ ಜೊತೆ ಕಲ್ಲು. ಬದಲಾಗುವುದು ಒಂದೇ ಒಂದು, ಸ್ಟೇರಿಂಗ್ ಹಿಂದೆ ಕೂತವರು. ಪ್ರತಿ ಹಂಪಿನಲ್ಲೂ ನನ್ನ ಮುಖ ಕಾಣುತ್ತದೆಯೇನೋ ನಿನಗೆ, ನೋಡಿಕೊಂಡು ಹತ್ತಿಸುತ್ತಿರಬೇಕು.

ಇನ್ನೂ ಒಂದು. ಅವರು ಹಾಗಂದರು, ಇವರು ಹೀಗಂದರು ಎಂದು ನೀನು ಹೇಳುವುದನ್ನೆಲ್ಲ ನಂಬುವುದನ್ನು ನಾನು ಬಿಟ್ಟು ಎರಡು ವರ್ಷವಾಯಿತು. ಅಪ್ಪನ ಹನ್ನೊಂದನೇ ದಿನ, ಊಟಕ್ಕೆ ಕೂತ ಅಷ್ಟು ಜನರ ಮುಂದೆ, ಅಪ್ಪ ಕೊನೆಗೆ ನಿನ್ನ ಹೆಸರನ್ನೇ ಎತ್ತಲಿಲ್ಲ ಕಣೋ ಅಂದೆಯಲ್ಲ. ಆವತ್ತು ಎಲೆಯ ಮೇಲೆ ಬಿಟ್ಟು ಎದ್ದ ಅನ್ನ ಇನ್ನೂ ನನ್ನ ಕಣ್ಣಿಗೆ ಕಾಣುತ್ತದೆ. ಅಮ್ಮನ ಬೆನ್ನು ನೋಯುತ್ತಿದ್ದರೆ ಅಮ್ಮ ಹೇಳಲಿ. ಅವಳಿಗೆ ಬಾಯಿದೆ.

ಪ್ರಮೋದ್


12 ಜುಲೈ, ಶುಕ್ರವಾರ

ಪ್ರಮೋದನಿಗೆ,

ಎಲೆ ಬಿಟ್ಟು ಏಳುವ ಮುಂಚೆ ನೀನೇನು ಅಂದೆ ಎನ್ನುವುದನ್ನು ಬರೆಯಲು ಮರೆತಿದ್ದೀಯ. ಗಂಡನ ಮನೆಯಲ್ಲಿ ಎರಡು ವರ್ಷ ಬಾಳಲಾಗದವಳು ಅಪ್ಪನ ಮಂಚದ ಪಕ್ಕ ಕೂತು ಮಗಳಾಗಿಬಿಟ್ಟಳು ಅಂದೆ. ಅದೇ ಜನರ ಮುಂದೆ. ನನ್ನ ಎಲೆಯಲ್ಲಿದ್ದುದನ್ನು ನಾನು ಪೂರ್ತಿ ಊಟ ಮಾಡಿದೆ, ಯಾಕೆಂದರೆ ಬಡಿಸಿದವಳೂ ನಾನೇ, ಆಮೇಲೆ ಗುಡಿಸಬೇಕಾದವಳೂ ನಾನೇ.

ನಿನ್ನ ಹೂವಿನ ಕಥೆ ಹೇಳುತ್ತೇನೆ. ಭಾನುವಾರ ಸಂಜೆ ನೀನು ಗೇಟಿನ ಮುಂದೆ ಅಮ್ಮನನ್ನು ಇಳಿಸಿ, ಒಳಗೂ ಬಾರದೆ ತಿರುಗಿಸಿಕೊಂಡು ಹೋಗುತ್ತೀಯಲ್ಲ, ನಿನ್ನ ಕಾರು ತಿರುವು ದಾಟುವವರೆಗೂ ಅಮ್ಮ ಕೈ ಬೀಸುತ್ತಾ ನಗುತ್ತಾ ನಿಂತಿರುತ್ತಾಳೆ. ದಾಟಿದ ಮೇಲೆ ಅದೇ ಕೈಯಲ್ಲಿ ಗೇಟು ಹಿಡಿದುಕೊಂಡು "ಲತಾ, ಬಾರೇ, ಆಗ್ತಿಲ್ಲ" ಅನ್ನುತ್ತಾಳೆ. ನಾನು ಒಳಗೆ ಕರೆದುಕೊಂಡು ಬಂದು ಮಲಗಿಸುತ್ತೇನೆ. ಎರಡು ದೋಸೆ ತಿಂದವಳು ರಾತ್ರಿ ಊಟ ಬೇಡ ಅನ್ನುತ್ತಾಳೆ.

ಅವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಪಾಪ, ಆಸೆಪಟ್ಟು ಹಾಕಿಸಿದ್ದಾನೆ. ವಾರಕ್ಕೊಂದ್ಸಲ ಬರೋನು, ಬಂದಾಗ ಮುಖ ಸಣ್ಣ ಮಾಡ್ಕೊಂಡು ಹೋಗ್ಬೇಕಾ" ಅಂದಳು. ನಾನು ದಿನಾ ಇರುವವಳು. ನನ್ನ ಮುಖ ಎಷ್ಟು ಸಣ್ಣದಾದರೂ ಪರವಾಗಿಲ್ಲ. ನಗುವೆಲ್ಲ ನಿನಗೆ ಎತ್ತಿಟ್ಟು, ನರಳಾಟವನ್ನೆಲ್ಲ ನನ್ನ ಕಿವಿಗೆ ಸುರಿಯುತ್ತಾಳೆ. ನಲವತ್ತಾರು ವರ್ಷ ಇದನ್ನೇ ನೋಡಿದ್ದೇನೆ.

ಅದಕ್ಕೆ ನಾನೂ ಒಂದು ತೀರ್ಮಾನ ಮಾಡಿದ್ದೇನೆ. ನಾನು ಬಿಚ್ಚಿಸುವುದಿಲ್ಲ. ನಿನ್ನ ಕಾರು ನನ್ನ ಬೆನ್ನು ಮುರಿಯುತ್ತಿದೆ ಎಂದು ಅಮ್ಮ ನಿನ್ನ ಮುಖ ನೋಡಿ, ಒಂದು ಸಲ, ತನ್ನ ಬಾಯಲ್ಲೇ ಹೇಳಬೇಕು. ಹೇಳಿದ ದಿನ ನಾನೇ ಮುಂದೆ ನಿಂತು ಬಿಚ್ಚಿಸುತ್ತೇನೆ. ಅಲ್ಲಿಯವರೆಗೆ ಇರಲಿ.

ಲತಾಮಣಿ


ಹನುಮಂತನಗರ
19 ಜುಲೈ, ಶುಕ್ರವಾರ

ಲತಮ್ಮನವರಿಗೂ ಪ್ರಮೋದಪ್ಪನವರಿಗೂ ಮುನಿಯಣ್ಣ ಮಾಡುವ ನಮಸ್ಕಾರ.

ನಿಮ್ಮಿಬ್ಬರ ಕಾಗದಗಳನ್ನು ನಾನು ಓದಿಲ್ಲ. ಡಬ್ಬಿ ತೆಗೆದಾಗ ಕಾಣುತ್ತದೆ, ಮುಚ್ಚುತ್ತೇನೆ. ಈ ಕಾಗದವನ್ನು ಅದೇ ಡಬ್ಬಿಯಲ್ಲಿ ಇಡುತ್ತಿದ್ದೇನೆ, ಮೊದಲು ಯಾರ ಕೈಗೆ ಸಿಕ್ಕಿದರೂ ಓದಿ ಇನ್ನೊಬ್ಬರಿಗೆ ಬಿಡಿ.

ಇವತ್ತು ಮಧ್ಯಾಹ್ನವೇ ಲತಮ್ಮ ಗಾಡಿ ಬಿಟ್ಟು ಹೋದರು, ಕೆಳಗೆ ಮಲಗಿ ನೋಡಿದೆ. ಆ ಅರೆಕೆರೆಯವನು ಎರಡು ಬೆರಳು ಸಂದು ಬಿಟ್ಟಿದ್ದು ನಿಜ. ಆದರೆ ಬಿಟ್ಟಿದ್ದು ಗಾಡಿ ಜ್ಯಾಕಿನ ಮೇಲಿದ್ದಾಗ, ಚಕ್ರ ನೇತಾಡುತ್ತಿದ್ದಾಗ. ಗಾಡಿಯನ್ನು ನೆಲಕ್ಕೆ ಇಳಿಸಿ, ಟ್ಯಾಂಕ್ ತುಂಬಿಸಿ, ಹಿಂದೆ ಒಬ್ಬರು ಕೂತರೆ ಪ್ಲೇಟು ಚಪ್ಪಟೆಯಾಗಿ ಆ ಸಂದು ಮುಚ್ಚಿ ಹೋಗುತ್ತದೆ. ರಬ್ಬರ್ ಗುಂಡು ಯಾವಾಗಲೂ ಪ್ಲೇಟಿಗೆ ಒತ್ತಿಕೊಂಡೇ ಇದೆ, ನುಣ್ಣಗೆ ಸವೆದಿದೆ. ಪ್ಲೇಟು ಬಗ್ಗಲು ಜಾಗವೇ ಇಲ್ಲ. ರಸ್ತೆಯ ಏಟೆಲ್ಲ ನೇರ ಸೀಟಿಗೆ ಹೋಗುತ್ತದೆ.

ನಿಮ್ಮ ತಂದೆ ಸೋಮನಾಥ್ ಸಾಹೇಬರು ಇದ್ದಾಗ ಹಿಂದಿನ ಒಂದು ನಟ್ಟನ್ನೂ ಖಾಲಿ ಗಾಡಿಯಲ್ಲಿ ಬಿಗಿಯಲು ಬಿಡುತ್ತಿರಲಿಲ್ಲ. ರುದ್ರಮ್ಮನವರನ್ನು ಹಿಂದೆ ಎಡಗಡೆ ಕೂರಿಸಿ, "ಈಗ ಬಿಗಿ ಮುನಿಯಣ್ಣ, ಇವಳ ಭಾರಕ್ಕೆ ಸರಿಯಾಗಿ ಕೂರ್ಬೇಕು" ಅನ್ನುತ್ತಿದ್ದರು. ಅಮ್ಮನವರು ಮಲ್ಲಿಗೆ ಹೂ ಕಟ್ಟುತ್ತಾ ಕೂತಿರುತ್ತಿದ್ದರು, ನಾನು ಕೆಳಗೆ ಮಲಗಿ ಬಿಗಿಯುತ್ತಿದ್ದೆ. ಪ್ರತಿ ಸಲವೂ ಹಾಗೇ.

ಇದನ್ನು ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಲತಮ್ಮನವರನ್ನು ಎರಡು ಶುಕ್ರವಾರ ಕೇಳಿದೆ, ಬೇಡ ಅಂದರು. ಪ್ರಮೋದಪ್ಪನವರನ್ನು ಕೇಳಿದೆ, ಅಕ್ಕ ಬಾಯಿಬಿಟ್ಟು ಕೇಳಲಿ ಅಂದರು. ನಾನು ಕೂಲಿಯವನು, ಇಬ್ಬರು ಯಜಮಾನರ ಗಾಡಿಗೆ ಒಬ್ಬರ ಮಾತೂ ಇಲ್ಲದೆ ಕೈ ಹಾಕಲಾರೆ. ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕದೆ ಮೇಜಿನ ಮೇಲೆ ಇಟ್ಟಿದ್ದೇನೆ.

ಮುನಿಯಣ್ಣ


28 ಜುಲೈ, ಭಾನುವಾರ

ಅಕ್ಕಾ,

ಮುನಿಯಣ್ಣನ ಕಾಗದ ಓದಿದೆ. ಹೊಳೆಪ್ಪನಿಗೆ ಫೋನ್ ಮಾಡಿದೆ. ಜ್ಯಾಕಿನ ಮೇಲೆ ಅಳೆದದ್ದು ಹೌದು ಅಂದ, "ರೇಸ್ ಗಾಡೀಲಿ ಹಿಂದೆ ಯಾರ್ ಗುರು ಕೂರ್ತಾರೆ" ಅಂದ. ತಪ್ಪಾಗಿದೆ. ಒಪ್ಪುತ್ತೇನೆ, ಬರೆದೇ ಒಪ್ಪುತ್ತೇನೆ.

ಆದರೆ ನಿನ್ನ ಆಟ ಈಗ ಅರ್ಥವಾಯಿತು. ಅಮ್ಮ ನರಳುತ್ತಿದ್ದಾಳೆ ಅನ್ನುವವಳು ನೀನು. ಸ್ಪ್ಯಾನರ್ ಕಣ್ಣ ಮುಂದೆ ಇದ್ದಾಗ ಬೇಡ ಅಂದವಳೂ ನೀನು. ಅಮ್ಮನ ನೋವು ನಿನಗೆ ಬೇಕಾಗಿದೆ. ಅದು ನಿಂತುಹೋದರೆ ನನಗೆ ತೋರಿಸಲು ನಿನ್ನ ಹತ್ತಿರ ಇನ್ನೇನಿದೆ?

ನಾನೂ ಸುಮ್ಮನೆ ಬಿಚ್ಚಿಸುವುದಿಲ್ಲ. ನನ್ನ ನಂಬರಿನ ಬ್ಲಾಕ್ ತೆಗೆದು ಫೋನ್ ಮಾಡು. ಅಪ್ಪ ನನ್ನ ಹೆಸರು ಎತ್ತಲಿಲ್ಲ ಅಂದದ್ದು ಸುಳ್ಳು ಅಂತ ಒಂದು ಮಾತು ಹೇಳು. ಕೂತ ಕಡೆಯಿಂದಲೇ ಮುನಿಯಣ್ಣನಿಗೆ ಬಿಚ್ಚು ಅನ್ನುತ್ತೇನೆ. ಒಂದು ನಿಮಿಷದ ಕೆಲಸ. ನಿನ್ನ ಒಂದು ನಿಮಿಷ, ಅವನ ಅರ್ಧ ಗಂಟೆ. ಅಷ್ಟರವರೆಗೆ ಬೇಕಿದ್ದರೆ ಅಮ್ಮನಿಗೆ ಕ್ಯಾಬ್ ಮಾಡಿಸು.

ಪ್ರಮೋದ್


9 ಆಗಸ್ಟ್, ಶುಕ್ರವಾರ

ಪ್ರಮೋದ್,

ಚಿಕ್ಕಮ್ಮ ನಿನಗೆ ಫೋನ್ ಮಾಡಿದ್ದಾಳೆ ಎಂದು ಗೊತ್ತು. ಆದರೂ ಬರೆಯುತ್ತೇನೆ.

ಬುಧವಾರ ಬೆಳಿಗ್ಗೆ ಹನ್ನೆರಡನೇ ಹಂಪು. ಅದಕ್ಕೆ ಬಿಳಿ ಬಣ್ಣ ಹೊಡೆದಿಲ್ಲ, ಆದರೂ ನನಗೆ ಗೊತ್ತಿರುವ ಹಂಪೇ. ನಿಧಾನವಾಗಿಯೇ ಹೋದೆ. ಹಿಂದಿನಿಂದ ಅಮ್ಮ ನರಳಲಿಲ್ಲ. ಒಣ ಕಡ್ಡಿ ಮುರಿದ ಹಾಗೆ ಒಂದು ಸದ್ದು ಕೇಳಿಸಿತು, ಅಥವಾ ಕೇಳಿಸಿತು ಎಂದು ಈಗ ನನಗೆ ಅನ್ನಿಸುತ್ತಿದೆ. ತಿರುಗಿ ನೋಡಿದರೆ ಅವಳ ಬಾಯಿ ತೆರೆದಿತ್ತು, ಮಾತು ಬರುತ್ತಿರಲಿಲ್ಲ.

ಸೊಂಟದ ಮೇಲಿನ ಒಂದು ಮೂಳೆ ಕುಸಿದಿದೆ. ಆಪರೇಷನ್ ಮಾಡುವ ಹಾಗಿಲ್ಲ. ಮೂರು ತಿಂಗಳು ಮಲಗಿರಬೇಕು, ಆಮೇಲೆ ನಡೆಯುತ್ತಾಳೋ ಇಲ್ಲವೋ ಹೇಳಲಾರೆ ಅಂದರು ಡಾಕ್ಟರು. ಎಷ್ಟು ದಿನದಿಂದ ನೋವಿತ್ತು ಎಂದು ಕೇಳಿದರು. ಜೂನ್‌ನಿಂದ ಅಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಈಗಲಾದರೂ ಬಂದು ಕೇಳು. ಅವಳ ಬಾಯಿಂದಲೇ ಕೇಳು.

ಲತಾಮಣಿ


11 ಆಗಸ್ಟ್, ಭಾನುವಾರ

ಅಕ್ಕಾ,

ನೀನು ಹೇಳಿದ ಹಾಗೇ ಕೇಳಿದೆ. ನಿನ್ನ ಮುಂದೆ, ಚಿಕ್ಕಮ್ಮನ ಮುಂದೆ, ಆ ಡಾಕ್ಟರರ ಮುಂದೆ ಕೇಳಿದೆ. ನನ್ನ ಕಾರಿನಿಂದ ಆಯಿತಾ ಅಮ್ಮ ಅಂತ. ಅಮ್ಮ ಹೇಳಿದ್ದನ್ನು ನೀನೂ ಕೇಳಿದೆ. ನಿನ್ನ ಅಕ್ಷರದಲ್ಲಿ ಇದು ಎಂದಿಗೂ ಬರುವುದಿಲ್ಲ, ಅದಕ್ಕೆ ನಾನೇ ಬರೆದಿಡುತ್ತೇನೆ.

"ಕಾರೆಂಥದ್ದು, ಲತಾ ಮನೆ ಬಚ್ಚಲಲ್ಲಿ ಮಂಗಳವಾರ ಜಾರಿ ಬಿದ್ದೆ. ಅವಳಿಗೆ ಹೇಳಿರ್ಲಿಲ್ಲ, ಬೈತಾಳೆ ಅಂತ."

ನಿನ್ನ ಮುಖದ ಬಣ್ಣ ಹೋಯಿತು. ಒಂದು ಕ್ಷಣ ನನಗೂ ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಅನ್ನಿಸಲಿಲ್ಲ. ಎರಡು ತಿಂಗಳು ಅಮ್ಮನ ಬೆನ್ನನ್ನು ನನ್ನ ತಲೆಗೆ ಕಟ್ಟಿದೆ. ನಿನ್ನ ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯನ್ನಾದರೂ ಹಾಕಿಸಿದ್ದೀಯಾ? ಬೈಯುತ್ತಾಳೆ ಎಂದು ಹೆದರಿ ಬಿದ್ದದ್ದನ್ನೇ ಮುಚ್ಚಿಟ್ಟಳಲ್ಲ, ಅಂಥ ಮನೆಗೆ ಅವಳನ್ನು ವಾಪಸು ಕಳಿಸುವುದಿಲ್ಲ. ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ. ಹಗಲು ನೋಡಿಕೊಳ್ಳಲು ಜಯಾ ಅಂತ ಒಬ್ಬರನ್ನು ಗೊತ್ತುಮಾಡಿದ್ದೇನೆ.

ಬಾರ್ ಇರಲಿ ಬಿಡು. ಅದರಿಂದ ಏನೂ ಆಗಿಲ್ಲವಲ್ಲ.

ಪ್ರಮೋದ್


ಜೆ.ಪಿ. ನಗರ
17 ಸೆಪ್ಟೆಂಬರ್, ಮಂಗಳವಾರ

ಚಿ. ಲತಾಗೆ ನಿನ್ನ ಅಮ್ಮನ ಆಶೀರ್ವಾದ.

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಓರೆಯಾಗಿದೆ, ಕೂಡಿಸಿಕೊಂಡು ಓದು. ಜಯಾ ಕೈಯಲ್ಲಿ ಪೋಸ್ಟಿಗೆ ಹಾಕಿಸುತ್ತೇನೆ. ಅಂಜನಾ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ. ಪ್ರಮೋದ ದಿನಾ ಸಂಜೆ ಬಂದು ಮಂಚದ ಮೇಲೆ ಕೂತು ಕಾಲು ಒತ್ತುತ್ತಾನೆ. ಅವನು ಚಿಕ್ಕವನಿದ್ದಾಗ ಬಿಟ್ಟರೆ ಇಷ್ಟು ಹೊತ್ತು ನನ್ನ ಹತ್ತಿರ ಕೂತಿದ್ದೇ ಇಲ್ಲ.

ಗೌರಿ ಹಬ್ಬ ಕಳೆಯಿತು. ನಿನಗೆ ಬಾಗಿನ ಕಳಿಸು ಎಂದು ಅವನಿಗೆ ಹೇಳಿದೆ. ಕಳಿಸಲಿಲ್ಲ. ನನ್ನನ್ನು ಬೀಳಿಸಿದವಳಿಗೆ ಬಾಗಿನವೇ ಅಂದ. ಅದನ್ನು ಕೇಳಿದ ಮೇಲೆ ಎಂಟು ದಿನ ಯೋಚಿಸಿ ಈ ಕಾಗದಕ್ಕೆ ಕೂತಿದ್ದೇನೆ, ಅಲ್ಲ, ಮಲಗಿದ್ದೇನೆ.

ನಾನು ಬಚ್ಚಲಲ್ಲಿ ಬಿದ್ದಿಲ್ಲ. ಅದು ನಿನಗೂ ಗೊತ್ತು. ನಿಜ ಹೇಳಿದ್ದರೆ ಅವನು ಆ ಭಾರ ಹೊತ್ತುಕೊಂಡು ಮತ್ತೆ ನನ್ನ ಕಣ್ಣೆದುರಿಗೆ ಬರುತ್ತಿರಲಿಲ್ಲ. ಅವನ ಸ್ವಭಾವವೇ ಅದು, ತಪ್ಪು ಮಾಡಿದ ಮನೆಗೆ ಕಾಲಿಡುವುದಿಲ್ಲ. ನೀನು ಹಾಗಲ್ಲ. ನಿನ್ನ ಮೇಲೆ ಏನು ಹಾಕಿದರೂ ನೀನು ಬರುತ್ತೀಯ. ಅದಕ್ಕೆ ನಿನ್ನ ಮೇಲೆ ಹಾಕಿದೆ.

ಪಾಪದ ಅಮ್ಮ ಅಂದುಕೊಳ್ಳಬೇಡ, ಇನ್ನೂ ಒಂದು ಇದೆ. ಮುನಿಯಣ್ಣ ಸ್ಪ್ಯಾನರ್ ಹಿಡಿದುಕೊಂಡು "ಬಿಚ್ಚಿಬಿಡ್ಲಾ ಲತಮ್ಮ, ಅರ್ಧ ಗಂಟೆ" ಅಂದಾಗ ನೀನೇನು ಹೇಳಿದೆ? "ಬೇಡ ಮುನಿಯಣ್ಣ, ಅವಳ ಬಾಯಲ್ಲೇ ಬರ್ಲಿ. ಇನ್ನೂ ನಾಲ್ಕು ದಿನ ನೋಯ್ಲಿ, ಆಗ ಬರುತ್ತೆ" ಅಂದೆ. ನಾನು ಆಗ ಹಿಂದಿನ ಸೀಟಿನಲ್ಲೇ ಇದ್ದೆ, ಲತಾ. ಕಿಟಕಿ ತೆರೆದಿತ್ತು. ಮನೆಗೆ ಹೋಗಲು ಆಟೋ ಬರುವವರೆಗೆ ನನ್ನನ್ನು ಅಲ್ಲೇ ಕೂರಿಸಿದ್ದೆ. ನಾನಿದ್ದೇನೆ ಅನ್ನುವುದನ್ನೇ ನೀನು ಮರೆತಿದ್ದೆ. ಆವತ್ತೇ ಅಂದುಕೊಂಡೆ, ಸತ್ತರೂ ಇವಳಿಗೆ ಬೇಕಾದ ಮಾತನ್ನು ನನ್ನ ಬಾಯಿಂದ ತೆಗೆಯುವುದಿಲ್ಲ ಅಂತ. ತೆಗೆಯಲಿಲ್ಲ.

ನಿಮ್ಮಪ್ಪ ಕೊನೆಯ ಎರಡು ದಿನ ಪ್ರಮೋದ ಪ್ರಮೋದ ಅನ್ನುತ್ತಲೇ ಇದ್ದರು. ಪಕ್ಕದಲ್ಲಿ ನೀನಿದ್ದೆ, ನಾನಿದ್ದೆ. ಹನ್ನೊಂದನೇ ದಿನ ನೀನು ಅಷ್ಟು ಜನರ ಮುಂದೆ ಹಾಗೆ ಹೇಳಿದಾಗ ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ಹಗಲೂ ರಾತ್ರಿ ಮಾಡಿದವಳು ನೀನು, ಕರೆದದ್ದು ಅವನನ್ನು. ನಿನ್ನ ಹೊಟ್ಟೆ ಉರಿದದ್ದು ನನಗೆ ಗೊತ್ತಿತ್ತು. ನಿನ್ನ ಸುಳ್ಳಿಗೆ ನಾನು ಎರಡು ವರ್ಷ ಸುಮ್ಮನಿದ್ದೇನೆ. ನನ್ನ ಸುಳ್ಳಿಗೆ ನೀನೂ ಸುಮ್ಮನಿರು. ನನಗೆ ಇನ್ನು ಎಷ್ಟು ದಿನ ಇದೆ.

ಓದಿದ ಮೇಲೆ ಹರಿದು ಹಾಕು. ಪ್ರಮೋದನಿಗೆ ತೋರಿಸಬೇಡ.

ನಿನ್ನ ಅಮ್ಮ
ರುದ್ರಮ್ಮ


ಗಿರಿನಗರ
27 ಸೆಪ್ಟೆಂಬರ್, ಶುಕ್ರವಾರ

ಅಮ್ಮಾ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಇಷ್ಟು ದಿನ ಅದನ್ನು ಲ್ಯಾಬಿನ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ.

ಇವತ್ತು ಬೆಳಿಗ್ಗೆ ರಜೆ ಹಾಕಿ ಮುನಿಯಣ್ಣನ ಹತ್ತಿರ ಹೋದೆ. ಗಾಡಿ ನೀವು ಓಡಿಸಿ ಅಂದೆ, ಹಿಂದಿನ ಸೀಟಿನಲ್ಲಿ ಎಡಗಡೆ ನಾನು ಕೂತೆ. ನಮ್ಮ ಮನೆಯ ಮುಂದಿನಿಂದ ಚಿಕ್ಕಮ್ಮನ ಮನೆಯವರೆಗೆ ಹೋಗಿ ಅಂದೆ. ಆ ಸೀಟಿನಲ್ಲಿ ನಾನು ಚಿಕ್ಕವಳಿದ್ದಾಗ ಕೂತದ್ದು, ಆಮೇಲೆ ಕೂತಿರಲೇ ಇಲ್ಲ. ಹತ್ತೊಂಬತ್ತು ಹಂಪುಗಳನ್ನೂ ಎಣಿಸಿದೆ. ಐದನೆಯದಕ್ಕೆ ನಾಲಿಗೆ ಕಚ್ಚಿಕೊಂಡೆ. ಎಂಟನೆಯದಕ್ಕೆ ಮುಂದಿನ ಸೀಟು ಹಿಡಿದುಕೊಂಡೆ. ಅದರ ರೆಕ್ಸಿನಿನಲ್ಲಿ ನಿನ್ನ ಉಗುರಿನ ಗುರುತುಗಳಿವೆ, ನಾಲ್ಕು ಸಾಲಾಗಿ. ನನ್ನ ಬೆರಳುಗಳು ಅಲ್ಲೇ ಹೋಗಿ ಕೂತವು. ಹನ್ನೆರಡನೆಯದು ಬಂದಾಗ ಮುನಿಯಣ್ಣ ಕಾರು ನಿಲ್ಲಿಸಿ "ಸಾಕಾ ಲತಮ್ಮ" ಅಂದ. ಸಾಲದು, ಹೋಗಿ ಅಂದೆ. ನನ್ನ ಮೂಳೆ ಗಟ್ಟಿಯಾಗಿದೆ, ಏನೂ ಆಗಲಿಲ್ಲ.

ವಾಪಸು ಬಂದ ಮೇಲೆ ಬಿಚ್ಚಿಸಿದೆ. ನಿಜವಾಗಿ ಅರ್ಧ ಗಂಟೆಯೂ ಹಿಡಿಯಲಿಲ್ಲ, ಇಪ್ಪತ್ತೆರಡು ನಿಮಿಷ. ಹಿಂದಿನ ನಟ್ಟು ಬಿಗಿಯುವ ಮುಂಚೆ ಮುನಿಯಣ್ಣ ಅಭ್ಯಾಸಬಲದಿಂದ, ಹಿಂದೆ ಕೂತ್ಕೊಳಿ ಅಂದ. ಯಾರ ಭಾರಕ್ಕೆ ಎಂದು ನಾನು ಕೇಳಿದೆ. ಅವನು ಖಾಲಿ ಗಾಡಿಗೇ ಬಿಗಿದ.

ನೀನು ಆವತ್ತು ಹಿಂದಿನ ಸೀಟಿನಲ್ಲಿದ್ದದ್ದು ನಾನು ಮರೆತದ್ದಲ್ಲ. ನೀನು ನಿದ್ದೆ ಮಾಡುತ್ತಿದ್ದೀಯ ಅಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡಿದ್ದೆಯಲ್ಲ. ಇದರಿಂದ ನನ್ನ ಮಾತೇನೂ ಕಡಿಮೆಯಾಗುವುದಿಲ್ಲ. ಆಡಿದ್ದೇನೆ. ನಾಲ್ಕು ದಿನ ನೋಯಲಿ ಅಂದಿದ್ದೇನೆ. ನೀನು ಎದ್ದು ಕೂತು, ನನ್ನ ಕೆನ್ನೆಗೆ ಒಂದು ಬಿಗಿದು, ಬಿಚ್ಚಿಸು ಅಂದಿದ್ದರೆ ಬಿಚ್ಚಿಸುತ್ತಿದ್ದೆ. ನೀನು ಬೆನ್ನು ಮುರಿದುಕೊಂಡು ನನ್ನನ್ನು ಸೋಲಿಸಿದೆ. ನಾನು ಯಾರ ಮಗಳು ಎಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ನಿನ್ನ ಕಾಗದವನ್ನು ಹರಿಯಲಿಲ್ಲ. ಮುನಿಯಣ್ಣ ಕೈ ತೊಳೆಯಲು ಹೋಗಿದ್ದಾಗ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಇನ್ಶೂರೆನ್ಸ್ ಕವರಿನ ಮೇಲೆ ಇಟ್ಟು ಬಂದಿದ್ದೇನೆ. ನಾಳೆ ಶನಿವಾರ. ಬೆಳಿಗ್ಗೆ ಅವನು ಕಾರು ತೆಗೆದುಕೊಳ್ಳುವಾಗ ಡಬ್ಬಿ ತೆಗೆದು ನೋಡುತ್ತಾನೆ, ನಾಲ್ಕು ತಿಂಗಳಿನ ಅಭ್ಯಾಸ. ಅದರಲ್ಲಿ ಅಪ್ಪನ ವಿಷಯದ ನನ್ನ ಸುಳ್ಳೂ ಇದೆ. ಇರಲಿ. ಅವನು ಕೇಳುತ್ತಿದ್ದ ಆ ಒಂದು ಮಾತು ಫೋನಿನಲ್ಲಿ ನನ್ನ ಬಾಯಿಂದ ಬರಲಿಲ್ಲ, ನಿನ್ನ ಓರೆ ಅಕ್ಷರದಲ್ಲಿ ಸಿಗಲಿ.

ನಿನಗೆ ಈ ಕಾಗದ ಪೋಸ್ಟಿನಲ್ಲಿ ಸೋಮವಾರವೋ ಮಂಗಳವಾರವೋ ಸಿಗುತ್ತದೆ. ಅಷ್ಟರಲ್ಲಿ ಅವನು ಓದಿರುತ್ತಾನೆ. ಸಂಜೆ ಮಂಚದ ಮೇಲೆ ಕೂತು ಕಾಲು ಒತ್ತಲು ಬಂದರೆ, ನನ್ನ ತಮ್ಮನನ್ನು ನಾವಿಬ್ಬರೂ ತಪ್ಪು ತಿಳಿದಿದ್ದೆವು ಅಂದುಕೋ. ಬಾರದಿದ್ದರೆ ಜಯಾ ಕೈಯಲ್ಲಿ ನನಗೆ ಒಂದು ಫೋನ್ ಮಾಡಿಸು.

ನಾನು ಬರುತ್ತೇನೆ. ಬರುವವಳು ನಾನೇ ಎಂದು ನೀನೇ ಬರೆದಿದ್ದೀಯಲ್ಲ.

ನಿನ್ನ ಮಗಳು
ಲತಾಮಣಿ